ಸ್ವಇಚ್ಛಾ ಹೇಳಿಕೆ, ಹಳೇ ಕೇಸು, ಮನೆಯ ಕೋವಿ: ಕೋರ್ಟಿನಲ್ಲಿ ಅನ್ಯಾಯದ ಸಾಕ್ಷ್ಯವನ್ನು ತಡೆಯುವುದು ಹೇಗೆ?

"ಹುಡುಗ ಸ್ಟೇಷನ್ನಿನಲ್ಲಿ ಎಲ್ಲ ಒಪ್ಪಿಕೊಂಡು ಸಹಿ ಹಾಕಿದ್ದಾನೆ. ಇನ್ನು ಕೇಸು ಮುಗೀತಾ?" "ಹಿಂದೆ ಒಂದು ಜಗಳದ ಕೇಸಿತ್ತು, ಅದನ್ನೂ ಚಾರ್ಜ್‌ಶೀಟಿನಲ್ಲಿ ಬರೆದಿದ್ದಾರೆ. ಜಡ್ಜ್ ಅದನ್ನು ನೋಡಿಯೇ ಶಿಕ್ಷೆ ಕೊಟ್ಟರೆ?" ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಓದುಗರು ಈ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಆರೋಪಿಯ ಅಮ್ಮ, ಅಕ್ಕ, ಹೆಂಡತಿ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದೇನೆ.

ಮೊದಲೇ ಒಂದು ಮಾತು. ಆರೋಪಿಗೆ ಏಟು ಕೊಡುವ ಸಾಕ್ಷ್ಯವೆಲ್ಲ ಅನ್ಯಾಯದ ಸಾಕ್ಷ್ಯವಲ್ಲ. ಕಣ್ಣಾರೆ ಕಂಡವರು ಬಂದು "ಇವನೇ ಹೊಡೆದ" ಅಂದರೆ ನಿಮಗೆ ಕಷ್ಟವೇ, ಆದರೆ ಅದನ್ನು ತಡೆಯಲು ಆಗುವುದಿಲ್ಲ. ಪಾಟಿ ಸವಾಲಿನಲ್ಲಿ (ಎದುರಿನವರ ಸಾಕ್ಷಿಗೆ ನಿಮ್ಮ ವಕೀಲರು ಪ್ರಶ್ನೆ ಹಾಕುವಾಗ) ಎದುರಿಸಬೇಕು, ಅಷ್ಟೇ. ನಾವು ತಡೆಯಬೇಕಾದದ್ದು ಬೇರೆ. ಈ ಅಪರಾಧ ನಡೆಯಿತೋ ಇಲ್ಲವೋ ಎಂದು ತಿಳಿಸದೆ, ಆರೋಪಿಯ ಬಗ್ಗೆ ಕೆಟ್ಟ ಅಭಿಪ್ರಾಯ ಮಾತ್ರ ಹುಟ್ಟಿಸುವ ಕಾಗದ ಮತ್ತು ಮಾತು. ಜೊತೆಗೆ, ಕಾನೂನು ನಂಬಬೇಡ ಎಂದು ಹೇಳಿರುವ ರೀತಿಯಲ್ಲಿ ಪಡೆದ ಒಪ್ಪಿಗೆ.

ಅಮೆರಿಕದಲ್ಲಿ ಇದಕ್ಕೆಂದೇ ಸಾಕ್ಷ್ಯ ನಿಯಮ 403 ಇದೆ. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯೊಂದರ 78ನೇ ಕಲಂ ಇದೆ. ನಮ್ಮಲ್ಲಿ ಹಾಗೆ ಒಂದೇ ಕಲಂ ಇಲ್ಲ. ಬೇರೆ ಬೇರೆ ಕಲಂಗಳು ಬೇರೆ ಬೇರೆ ಬಾಗಿಲು ಮುಚ್ಚುತ್ತವೆ. ಇವಲ್ಲದೆ, ನಿಯಮವನ್ನು ಅಕ್ಷರಶಃ ಅನ್ವಯಿಸಿದರೆ ಆರೋಪಿಗೆ ಅನ್ಯಾಯವಾಗುತ್ತದೆ ಎಂದು ಕಂಡಾಗ ಸಾಕ್ಷ್ಯವನ್ನು ಬಿಡುವ ವಿವೇಚನೆ ನ್ಯಾಯಾಧೀಶರಿಗೆ ಇದೆ ಎಂದು ಸುಪ್ರೀಂ ಕೋರ್ಟ್ ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ: ಸಾಕ್ಷ್ಯವನ್ನು ಅಕ್ರಮವಾಗಿ ಪಡೆದರು ಎಂಬ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ. "ವಾರಂಟ್ ಇಲ್ಲದೆ ಮನೆ ಹುಡುಕಿದರು, ಹಾಗಾಗಿ ಕೇಸು ಖುಲಾಸೆ" ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ.

ಹಂತ 1: ಯಾವ ಕಾನೂನು ಎಂದು ನೋಡಿ

2024ರ ಜುಲೈ 1ರಿಂದ 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮುಂದೆ ಇವನ್ನು ಅಧಿನಿಯಮ, ಸಂಹಿತೆ ಎಂದಷ್ಟೇ ಕರೆಯುತ್ತೇನೆ. ಆ ದಿನಕ್ಕೆ ಮೊದಲೇ ತನಿಖೆಯೋ ವಿಚಾರಣೆಯೋ ನಡೆಯುತ್ತಿದ್ದರೆ ಹಳೆಯ ಸಾಕ್ಷ್ಯ ಕಾಯ್ದೆಯೇ ಮುಂದುವರಿಯುತ್ತದೆ. ಎಫ್‌ಐಆರ್ ತಾರೀಕು ನೋಡಿಕೊಳ್ಳಿ. ನಾನು ಕೆಳಗೆ ಹೊಸ ನಂಬರು ಕೊಟ್ಟು, ಮುಖ್ಯವಾದ ಕಡೆ ಹಳೆಯದನ್ನೂ ಹೇಳುತ್ತೇನೆ. ನಂಬರು ಬದಲಾದರೂ ತಿರುಳು ಹೆಚ್ಚು ಬದಲಾಗಿಲ್ಲ.

ಹಂತ 2: ಕಾಗದ ಪೂರ್ತಿ ತರಿಸಿಕೊಳ್ಳಿ

ಚಾರ್ಜ್‌ಶೀಟ್, ಅಂದರೆ ದೋಷಾರೋಪಣ ಪಟ್ಟಿ, ಮತ್ತು ಅದರ ಜೊತೆಗಿನ ಎಲ್ಲ ದಾಖಲೆಗಳ ನಕಲು ಆರೋಪಿಗೆ ಉಚಿತವಾಗಿ ಸಿಗಬೇಕು. ಸಂಹಿತೆಯ ಕಲಂ 230ರ ಪ್ರಕಾರ ಆರೋಪಿ ಕೋರ್ಟಿಗೆ ಹಾಜರಾದ ದಿನದಿಂದ 14 ದಿನದೊಳಗೆ ಕೊಡಬೇಕು. ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಮಹಜರು (ಪಂಚರ ಎದುರು ಸ್ಥಳದಲ್ಲಿ ಬರೆದ ಕಾಗದ), ಆರೋಪಿಯ ಸ್ವಇಚ್ಛಾ ಹೇಳಿಕೆ (ಆರೋಪಿ ತಾನಾಗಿಯೇ ಕೊಟ್ಟದ್ದು ಎಂದು ಪೊಲೀಸರು ಬರೆದುಕೊಂಡ ಹೇಳಿಕೆ), ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ, ಸಿಡಿ ಅಥವಾ ಪೆನ್‌ಡ್ರೈವ್ ಇದ್ದರೆ ಅದು, ಎಲ್ಲವೂ ಬಂದಿದೆಯಾ ಎಂದು ಪಟ್ಟಿ ಹಿಡಿದು ತಾಳೆ ನೋಡಿ. ಕಡಿಮೆ ಇದ್ದರೆ ವಕೀಲರಿಂದ ಅಂದೇ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಮನವಿ) ಹಾಕಿಸಿ. ಓದಲಾಗದ ಜೆರಾಕ್ಸ್ ಬಂದಿದ್ದರೆ ಅದನ್ನೂ ಹೇಳಿ.

ಇಲ್ಲಿ ಒಂದು ಗಡುವು ಇದೆ. ಪೊಲೀಸರ ಮುಂದಿನ ಹೇಳಿಕೆ ಬಿಟ್ಟು ಬೇರೇನೂ ಇಲ್ಲದ ಕೇಸಾಗಿದ್ದರೆ ವಿಚಾರಣೆ ಇಲ್ಲದೆಯೇ ಬಿಡುಗಡೆ ಕೇಳಬಹುದು. ಇದಕ್ಕೆ ಡಿಸ್‌ಚಾರ್ಜ್ ಎನ್ನುತ್ತಾರೆ. ಸೆಷನ್ಸ್ ಕೇಸಾದರೆ ಕಮಿಟ್ ಆದ ದಿನದಿಂದ, ಅಂದರೆ ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ ದಿನದಿಂದ, 60 ದಿನದೊಳಗೆ ಅರ್ಜಿ ಹಾಕಬೇಕು (ಕಲಂ 250). ಮ್ಯಾಜಿಸ್ಟ್ರೇಟ್ ಮುಂದಿನ ವಾರಂಟ್ ಕೇಸಾದರೆ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಆಗಬಹುದಾದ ಕೇಸು) ನಕಲು ಕೊಟ್ಟ ದಿನದಿಂದ 60 ದಿನ (ಕಲಂ 262). ಹಳೆಯ ಸಿಆರ್‌ಪಿಸಿಯಲ್ಲಿ ಈ ಗಡುವು ಇರಲಿಲ್ಲ. "ಮುಂದಿನ ವಾಯಿದೆಗೆ ನೋಡೋಣ" ಎಂದು ಸುಮ್ನೆ ಕೂತರೆ ದಿನ ಮೀರಿಹೋಗುತ್ತದೆ.

ಹಂತ 3: ಗುರುತು ಹಾಕಿ

ಮೂಲ ನಕಲಿನ ಮೇಲೆ ಬರೆಯಬೇಡಿ. ಒಂದು ಜೆರಾಕ್ಸ್ ಮಾಡಿಸಿ, ಮೂರು ಬಣ್ಣದ ಪೆನ್ನು ಹಿಡಿದು ಕೂತುಕೊಳ್ಳಿ. ಆರೋಪಿ ತಪ್ಪು ಒಪ್ಪಿಕೊಂಡಂತೆ ಬರೆದ ಸಾಲುಗಳಿಗೆಲ್ಲ ಕೆಂಪು. ಆರೋಪಿಯ ನಡತೆ, ಹಳೇ ಕೇಸು, ಜಾತಿ, ಊರು, ಕುಡಿತ, ಸ್ನೇಹಿತರ ಬಗ್ಗೆ ಬರೆದದ್ದಕ್ಕೆ ನೀಲಿ. "ಯಾರೋ ಹೇಳಿದರು", "ಊರಲ್ಲಿ ಮಾತಿದೆ" ಎಂಬಂಥವಕ್ಕೆ ಹಸಿರು. ಹಸಿರಿನದು ಬೇಗ ಮುಗಿಯುವ ವಿಷಯ. ಕಂಡದ್ದನ್ನು ಕಂಡವರೇ, ಕೇಳಿದ್ದನ್ನು ಕೇಳಿದವರೇ ಹೇಳಬೇಕು ಎನ್ನುತ್ತದೆ ಅಧಿನಿಯಮದ ಕಲಂ 55. ಕೆಂಪು ಮತ್ತು ನೀಲಿಯಲ್ಲೇ ಕೆಲಸ ಜಾಸ್ತಿ.

ಹಂತ 4: ಸ್ವಇಚ್ಛಾ ಹೇಳಿಕೆಯನ್ನು ಸಾಲು ಸಾಲಾಗಿ ಬಿಡಿಸಿ

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಇದು ಅಧಿನಿಯಮದ ಕಲಂ 23(1), ಹಳೆಯ ಕಲಂ 25. ಸಹಿ ಇದ್ದರೂ, ಹೆಬ್ಬೆಟ್ಟು ಇದ್ದರೂ, ವಿಡಿಯೋ ಮಾಡಿದ್ದರೂ ಅಷ್ಟೇ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಸಹಿ ಹಾಕಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ.

ಪೊಲೀಸರ ವಶದಲ್ಲಿದ್ದಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ ಅದೂ ನಡೆಯುವುದಿಲ್ಲ. ಪಂಚರ ಮುಂದೆ, ತೋಟದ ರೈಟರ (ಲೆಕ್ಕ ಬರೆಯುವವರ) ಮುಂದೆ, ಪತ್ರಕರ್ತರ ಮುಂದೆ ಹೇಳಿದರೂ ಒಂದೇ. ಮ್ಯಾಜಿಸ್ಟ್ರೇಟರು ಅಲ್ಲೇ ಎದುರಿಗಿದ್ದರೆ ಮಾತ್ರ ಬೇರೆ ಮಾತು (ಕಲಂ 23(2), ಹಳೆಯ 26). ಬೆದರಿಸಿ, ಆಸೆ ತೋರಿಸಿ ಪಡೆದ ಒಪ್ಪಿಗೆಗೆ ಕಲಂ 22 ಅಡ್ಡ ಬರುತ್ತದೆ.

ಆದರೆ ಇಲ್ಲೊಂದು ಕಿಂಡಿ ಇದೆ. ಹಳೆಯ ಕಲಂ 27, ಈಗ ಕಲಂ 23ರಲ್ಲೇ ಒಂದು ಪರಂತುಕವಾಗಿ, ಅಂದರೆ "ಆದರೆ" ಎಂದು ಹೇಳುವ ವಿನಾಯಿತಿಯಾಗಿ, ಸೇರಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಒಳಗೆ ಬರಬಹುದು. ಎಷ್ಟು ಮಾತು ಎಂಬುದೇ ಜೀವಾಳ. ಒಂದು ಕಲ್ಪಿತ ಹೇಳಿಕೆ ನೋಡಿ:

"ನಾನು ಮತ್ತು ನನ್ನ ಗೆಳೆಯ ಸೇರಿ ತೋಟದ ಗೋದಾಮಿನ ಬೀಗ ಒಡೆದು ಒಣ ಕಾಫಿ ಕದ್ದೆವು. ಕಳೆದ ವರ್ಷವೂ ಎರಡು ತೋಟಗಳಲ್ಲಿ ಕರಿಮೆಣಸು ಕದ್ದಿದ್ದೆವು. ಕದ್ದ ಐದು ಚೀಲ ಕಾಫಿಯನ್ನು ನಮ್ಮ ಕೊಟ್ಟಿಗೆಯಲ್ಲಿ ಹುಲ್ಲಿನ ಅಡಿ ಬಚ್ಚಿಟ್ಟಿದ್ದೇನೆ. ನೀವು ಬಂದರೆ ತೋರಿಸುತ್ತೇನೆ."

ಇದರಲ್ಲಿ ಒಳಗೆ ಬರಬಹುದಾದದ್ದು "ಐದು ಚೀಲ ಕಾಫಿಯನ್ನು ಕೊಟ್ಟಿಗೆಯಲ್ಲಿ ಹುಲ್ಲಿನ ಅಡಿ ಬಚ್ಚಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ" ಎಂಬಷ್ಟೇ. ಬೀಗ ಒಡೆದದ್ದು ಬರುವುದಿಲ್ಲ. "ಕದ್ದ" ಎಂಬ ಒಂದು ಪದವೂ ಬರುವುದಿಲ್ಲ. ಹಳೆಯ ಕರಿಮೆಣಸಿನ ಕತೆ ಖಂಡಿತ ಬರುವುದಿಲ್ಲ. ಗೆಳೆಯನ ಹೆಸರೂ ಇಲ್ಲ. ಈ ಗೆರೆ ಎಳೆದದ್ದು 1947ರಲ್ಲಿ ವರದಿಯಾದ ಪುಲುಕುರಿ ಕೋಟ್ಟಯ ಪ್ರಕರಣದ ಪ್ರಿವಿ ಕೌನ್ಸಿಲ್ ತೀರ್ಪು. ಇವತ್ತಿಗೂ ಕೋರ್ಟುಗಳು ಅದನ್ನೇ ಹಿಡಿದು ನಡೆಯುತ್ತವೆ.

ಎಡವುವುದು ಎಲ್ಲಿ ಗೊತ್ತಾ? ತನಿಖಾಧಿಕಾರಿ ಸಾಕ್ಷಿ ಕಟ್ಟೆಗೆ ಬಂದು "ಆರೋಪಿಯ ಸ್ವಇಚ್ಛಾ ಹೇಳಿಕೆ ಪಡೆದೆ" ಎನ್ನುತ್ತಾರೆ. ಪಿಪಿ (ಸರ್ಕಾರಿ ವಕೀಲ) ಸಾಹೇಬರು ಇಡೀ ಮೂರು ಪುಟಕ್ಕೆ ನಿಶಾನೆ ಹಾಕಿಸುತ್ತಾರೆ. ನಿಶಾನೆ ಅಂದರೆ ದಾಖಲೆಗೆ ಕೊಡುವ ಗುರುತು, ನಿ.ಪಿ.1, ನಿ.ಪಿ.2 ಎಂದು ಬರೆಯುತ್ತಾರಲ್ಲ, ಅದು. ನಿಮ್ಮ ವಕೀಲರು ಆಗ ಸುಮ್ಮನಿದ್ದರೆ ಮೂರೂ ಪುಟ ಕಡತದಲ್ಲಿ ಕೂತುಬಿಡುತ್ತದೆ. ಆಗ ಕೇಳಬೇಕಾದದ್ದು ಇಷ್ಟು: "ಪತ್ತೆಗೆ ಸಂಬಂಧಪಟ್ಟ ಭಾಗವನ್ನು ಮಾತ್ರ ಗುರುತಿಸಬೇಕು, ಉಳಿದದ್ದಕ್ಕೆ ನಮ್ಮ ಆಕ್ಷೇಪಣೆ ದಾಖಲಿಸಬೇಕು."

"ನಮ್ಮಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರಿಗೆ ಕಾನೂನು ಗೊತ್ತು, ಓದಿದರೂ ಬಿಟ್ಟುಬಿಡುತ್ತಾರೆ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟೂ ಒಪ್ಪಿಲ್ಲ. ನಮ್ಮ ರಾಜ್ಯದಿಂದಲೇ ಹೋದ ವೆಂಕಟೇಶ್ ಅಲಿಯಾಸ್ ಚಂದ್ರ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 2022ರಲ್ಲಿ, ಪತ್ತೆಗೆ ಬೇಕಾದಷ್ಟನ್ನು ಬಿಟ್ಟು ಇಡೀ ಹೇಳಿಕೆಯನ್ನು ದಾಖಲೆಗೆ ಸೇರಿಸುವ ರೂಢಿ ನ್ಯಾಯಾಲಯದ ಮನಸ್ಸಿನ ಮೇಲೇ ಪರಿಣಾಮ ಬೀರಬಲ್ಲದು, ಇದು ಕೂಡಲೇ ನಿಲ್ಲಬೇಕು ಎಂದು ಹೇಳಿತು. ಆರೋಪಿಗಳ ಹೇಳಿಕೆಯ ಡಿವಿಡಿ ಖಾಸಗಿ ಟಿವಿ ಚಾನೆಲ್ ಕೈಗೆ ಹೋಗಿ ಪ್ರಸಾರವಾದದ್ದನ್ನೂ ಅದೇ ತೀರ್ಪಿನಲ್ಲಿ ಖಂಡಿಸಿತು. ನಿಮ್ಮ ವಕೀಲರಿಗೆ ಈ ತೀರ್ಪಿನ ಹೆಸರು ಬರೆದುಕೊಡಿ. ಆಕ್ಷೇಪಣೆಯ ಜೊತೆ ಇದನ್ನು ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ.

ಕೊಡಗಿನವರು ಭಾಷೆಯನ್ನೂ ನೋಡಬೇಕು. ತೋಟದ ಲೈನ್ ಮನೆಯಲ್ಲಿರುವ ಯರವ ಬುಡಕಟ್ಟಿನ ಯುವಕನಿಗೆ, ಅಸ್ಸಾಮಿನಿಂದ ಬಂದ ಕೆಲಸಗಾರನಿಗೆ ಅಚ್ಚುಕಟ್ಟಾದ ಕಚೇರಿ ಕನ್ನಡ ಬರುತ್ತದೆಯೇ? ಹೇಳಿಕೆಯಲ್ಲಿ "ಸದರಿ ಸ್ವತ್ತನ್ನು ಮಾರಾಟ ಮಾಡುವ ಉದ್ದೇಶದಿಂದ" ಎಂದೆಲ್ಲ ಇದ್ದರೆ ಅದು ಅವನ ಮಾತಲ್ಲ. ಯಾರು ಅನುವಾದ ಮಾಡಿದರು, ಓದಿ ಹೇಳಿದರಾ, ಯಾವ ಭಾಷೆಯಲ್ಲಿ ಹೇಳಿದರು ಎಂದು ಪಾಟಿ ಸವಾಲಿನಲ್ಲಿ ಕೇಳಿಸಿ. ಕೋರ್ಟಿನಲ್ಲೂ ಸಾಕ್ಷಿಯ ಮಾತು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ, ಅವನಿಗೆ ತಿಳಿಯುವ ಭಾಷೆಗೆ ಹೇಳಿಸಿಕೊಳ್ಳುವ ಹಕ್ಕಿದೆ.

ಮೂರು ಕಡೆ ಮೋಸ ಹೋಗಬೇಡಿ. ಒಂದು, ಮ್ಯಾಜಿಸ್ಟ್ರೇಟರ ಮುಂದೆ ಸಂಹಿತೆಯ ಕಲಂ 183ರ ಅಡಿ (ಹಳೆಯ 164) ಕೊಟ್ಟ ತಪ್ಪೊಪ್ಪಿಗೆ ಪೊಲೀಸರ ಹೇಳಿಕೆಯಂತಲ್ಲ. ಅದು ಸಾಕ್ಷ್ಯವಾಗುತ್ತದೆ. "ನೀನು ಹೇಳಲೇಬೇಕೆಂದಿಲ್ಲ" ಎಂದು ಮೊದಲು ಎಚ್ಚರಿಸಿದ್ದಾರಾ ಎಂದು ನೋಡಬೇಕು. ಎರಡು, ಅರಣ್ಯ ಕೇಸು. ನಾಗರಹೊಳೆ ಅಂಚಿನ ಊರುಗಳವರು ಇದನ್ನು ಗಮನಿಸಿ. ಅರಣ್ಯಾಧಿಕಾರಿಗಳನ್ನು ಕೋರ್ಟುಗಳು ಸಾಮಾನ್ಯವಾಗಿ ಪೊಲೀಸ್ ಅಧಿಕಾರಿ ಎಂದು ಎಣಿಸಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 50ರಲ್ಲಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಮತ್ತು ಮೇಲಿನವರಿಗೆ ಸಾಕ್ಷ್ಯ ದಾಖಲಿಸುವ ಅಧಿಕಾರವೂ ಇದೆ. "ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಮುಂದೆ ತಾನೇ ಹೇಳಿದ್ದು" ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಹಿಡಿಯಬೇಕಾದದ್ದು ಬೆದರಿಕೆ, ಒತ್ತಾಯದ ಪ್ರಶ್ನೆ. ಗಾಂಜಾದಂಥ ಎನ್‌ಡಿಪಿಎಸ್ ಕೇಸಿನಲ್ಲಿ ಮಾತ್ರ ಆ ಕಾಯ್ದೆಯ ಅಧಿಕಾರಿಗಳೂ ಪೊಲೀಸರೇ ಎಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಮೂರು, ಮಂಪರು ಪರೀಕ್ಷೆ. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಎಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಮಾನವಾಗಿದೆ. "ತಪ್ಪು ಮಾಡಿಲ್ಲ ಅಂದ್ರೆ ಒಪ್ಕೊಳ್ಳಿ" ಎಂಬ ಮಾತಿಗೆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಹಂತ 5: ಹಳೇ ಕೇಸು ಮತ್ತು ನಡತೆಯ ಮಾತು

ನೀಲಿ ಗೆರೆಗಳಿಗೆ ಬನ್ನಿ. ಆರೋಪಿಯ ಕೆಟ್ಟ ನಡತೆ ಕ್ರಿಮಿನಲ್ ಕೇಸಿನಲ್ಲಿ ಅಪ್ರಸ್ತುತ ಎನ್ನುತ್ತದೆ ಅಧಿನಿಯಮದ ಕಲಂ 49 (ಹಳೆಯ 54). ಹಿಂದೆ ಕದ್ದವನು ಈಗಲೂ ಕದ್ದಿರಬೇಕು ಎಂಬ ತರ್ಕಕ್ಕೆ ಕೋರ್ಟಿನಲ್ಲಿ ಜಾಗವಿಲ್ಲ. ರೌಡಿ ಶೀಟ್ ಪೊಲೀಸರ ನಿಗಾ ಕಡತ. ಅದು ಈ ಅಪರಾಧಕ್ಕೆ ಸಾಕ್ಷ್ಯವಲ್ಲ. ಹಳೆಯ ಶಿಕ್ಷೆಯಿಂದ ಈಗಿನ ಶಿಕ್ಷೆ ಹೆಚ್ಚಾಗುವಂಥ ಕೇಸಿದ್ದರೂ, ಸೆಷನ್ಸ್ ಕೋರ್ಟಿನಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆಯೇ ಅದನ್ನು ಓದಬೇಕು ಎಂದು ಸಂಹಿತೆಯ ಕಲಂ 259 ಕಟ್ಟು ಹಾಕಿದೆ.

ನಮ್ಮ ಜಿಲ್ಲೆಯಲ್ಲಿ ಕೋವಿಯ ವಿಷಯ ಬೇರೆಯೇ. ಆಯುಧ ಕಾಯ್ದೆಯ ಪರವಾನಗಿಯಿಂದ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಭೂ ಹಿಡುವಳಿ) ಹಿಡುವಳಿದಾರರಿಗೆ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡುವ, ಪುತ್ತರಿಗೆ ಕದಿರು ಕೊಯ್ಯುವಾಗ ಗುಂಡು ಹಾರಿಸುವ ನಾಡು ಇದು. ಕತ್ತಿಯಿಂದ ಹೊಡೆದ ಆರೋಪವಿರುವ ಕೇಸಿನಲ್ಲಿ "ಆರೋಪಿಯ ಮನೆಯಲ್ಲಿ ಕೋವಿ ಇದೆ, ಅವನು ಹಿಂಸಾ ಸ್ವಭಾವದವನು" ಎಂದು ಬರೆದರೆ ಅದಕ್ಕೂ ಆರೋಪಕ್ಕೂ ಸಂಬಂಧವೇ ಇಲ್ಲ. ಹೊರಗಿನ ಜಿಲ್ಲೆಯಿಂದ ವರ್ಗವಾಗಿ ಬಂದವರಿಗೆ ಇದು ಸಹಜ ಎಂದು ಗೊತ್ತಿರದೆ ಇರಬಹುದು. ವಿನಾಯಿತಿ ಪತ್ರದ ನಕಲನ್ನು ವಕೀಲರ ಕೈಯಲ್ಲಿಟ್ಟಿರಿ. ಗುಂಡೇಟಿನ ಕೇಸಾದರೆ ಮಾತ್ರ ಕೋವಿ ಪ್ರಸ್ತುತವೇ. ಅಲ್ಲಿ ಈ ವಾದ ನಡೆಯುವುದಿಲ್ಲ.

ಇನ್ನು ನಿಮ್ಮ ಕಡೆಯಿಂದಲೇ ಆಗುವ ತಪ್ಪು. "ನಮ್ಮ ಹುಡುಗ ಬಂಗಾರದಂಥವನು" ಎಂದು ಹೇಳಿಸಲು ಊರಿನ ಹಿರಿಯರನ್ನು ಸಾಕ್ಷಿಗೆ ಕರೆಸುತ್ತೀರಿ. ಒಳ್ಳೆಯ ನಡತೆ ಪ್ರಸ್ತುತವೇ, ಅಧಿನಿಯಮದ ಕಲಂ 47 ಒಪ್ಪುತ್ತದೆ. ಆದರೆ ನೀವು ಆ ಬಾಗಿಲು ತೆರೆದ ಕೂಡಲೇ, ಉತ್ತರವಾಗಿ ಕೆಟ್ಟ ನಡತೆಯ ಸಾಕ್ಷ್ಯವನ್ನೂ, ಹಳೆಯ ಶಿಕ್ಷೆಯನ್ನೂ ತರುವ ಅವಕಾಶ ಎದುರಿನವರಿಗೆ ಸಿಗುತ್ತದೆ. ಹಿಂದೆ ಒಂದು ಸಣ್ಣ ಶಿಕ್ಷೆ ಆಗಿದ್ದರೂ ಆ ಹಿರಿಯರನ್ನು ಕರೆಸುವ ಮುಂಚೆ ಎರಡು ಸಲ ಯೋಚಿಸಿ.

ಎಲ್ಲ ಹಳೆಯ ಸಂಗತಿಯೂ ಹೊರಗೆ ನಿಲ್ಲುವುದಿಲ್ಲ. ಕಳವಿನ ಮಾಲು ಎಂದು ಗೊತ್ತಿದ್ದೇ ಕೊಂಡ ಎಂಬ ಆರೋಪ ಒಬ್ಬ ಕಾಫಿ ವ್ಯಾಪಾರಿಯ ಮೇಲಿದೆ ಅನ್ನಿ. ಅದೇ ಹೊತ್ತಿಗೆ ಅವನ ಬಳಿ ಬೇರೆ ಕಳವಿನ ಮಾಲೂ ಸಿಕ್ಕಿದ್ದರೆ, ಅವನಿಗೆ ಗೊತ್ತಿತ್ತು ಎಂದು ತೋರಿಸಲು ಅದು ಬರಬಹುದು (ಕಲಂ 12). ಉದ್ದೇಶ, ಅರಿವು ತೋರಿಸಲು ಮಾತ್ರ, "ಇವನ ಬುದ್ಧಿಯೇ ಹೀಗೆ" ಎನ್ನಲು ಅಲ್ಲ. ಆ ವ್ಯತ್ಯಾಸವನ್ನು ಕೋರ್ಟಿನ ಮುಂದೆ ಬಿಡಿಸಿ ಹೇಳುವುದು ವಕೀಲರ ಕೆಲಸ.

ದೂರು ಕೊಟ್ಟ ಹೆಣ್ಣುಮಕ್ಕಳಿಗೂ ಇದೇ ರಕ್ಷಣೆ ಇದೆ. ಲೈಂಗಿಕ ಅಪರಾಧದ ಕೇಸಿನಲ್ಲಿ, ಒಪ್ಪಿಗೆ ಇತ್ತು ಎಂದು ತೋರಿಸಲು ಅವರ ನಡತೆ ಅಥವಾ ಹಿಂದಿನ ಸಂಬಂಧವನ್ನು ಎತ್ತುವಂತಿಲ್ಲ (ಕಲಂ 48). ಅಂಥ ಪ್ರಶ್ನೆ ಬಂದ ಕೂಡಲೇ ಪಿಪಿ ಎದ್ದು ನಿಲ್ಲಬೇಕು. ನೀವು ದೂರುದಾರರ ಕಡೆಯವರಾಗಿದ್ದರೆ ಇದನ್ನು ಅವರಿಗೆ ಮೊದಲೇ ನೆನಪಿಸಿ.

ಹಂತ 6: ಮೊಬೈಲ್, ಸಿಸಿಟಿವಿ, ಫೋಟೋ

ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್, ತೋಟದ ಗೇಟಿನ ಸಿಸಿಟಿವಿ, ಕಾಲ್ ರೆಕಾರ್ಡ್ ಇವುಗಳ ನಕಲಿಗೆ ಅಧಿನಿಯಮದ ಕಲಂ 63ರ (ಹಳೆಯ 65ಬಿ) ಪ್ರಮಾಣಪತ್ರ ಬೇಕು. ಈಗ ಅದರಲ್ಲಿ ಎರಡು ಭಾಗ. ಒಂದನ್ನು ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದಂತೆ, ಫೈಲು ಸ್ವಲ್ಪ ಬದಲಾದರೂ ಅದೂ ಬದಲಾಗುತ್ತದೆ. ಪ್ರಮಾಣಪತ್ರ ಇಲ್ಲದಿದ್ದರೆ ದಾಖಲೆ ಮುಂದಿಟ್ಟಾಗಲೇ ಹೇಳಬೇಕು. ವಿಚಾರಣೆಯಲ್ಲಿ ಸುಮ್ಮನಿದ್ದು ಅಪೀಲಿನಲ್ಲಿ ಎತ್ತಿದರೆ ಕೇಳುವುದಿಲ್ಲ ಎಂದು 2017ರ ಸೋನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮದು ಸಣ್ಣ ಜಿಲ್ಲೆ. ಬಂಧನವಾದ ಸಂಜೆಗೇ ಆರೋಪಿಯ ಫೋಟೋ ಊರಿನ ಗ್ರೂಪುಗಳಲ್ಲಿ ಓಡಾಡುತ್ತದೆ. ಆಮೇಲೆ ಸಾಕ್ಷಿ ಗುರುತು ಪತ್ತೆ ಪರೇಡಿನಲ್ಲಿ "ಇವನೇ" ಅಂದರೆ ಅದಕ್ಕೆ ಬೆಲೆ ಎಷ್ಟು? ಆ ಫೋಟೋ ಯಾವ ದಿನ, ಎಷ್ಟು ಗಂಟೆಗೆ ಬಂತು ಎಂದು ಕಾಣುವಂತೆ ಉಳಿಸಿಡಿ. ಬಂದ ಫೋನನ್ನೂ ಜೋಪಾನ ಮಾಡಿ. ನಿಮ್ಮ ಸ್ಕ್ರೀನ್‌ಶಾಟಿಗೂ ಅದೇ ಪ್ರಮಾಣಪತ್ರ ಬೇಕಾಗುತ್ತದೆ.

ಹಂತ 7: ಆಕ್ಷೇಪಣೆ ಆ ಕ್ಷಣದಲ್ಲೇ ಆಗಬೇಕು

ಯಾವ ಸಾಕ್ಷ್ಯ ಒಳಗೆ ಬರಬೇಕು ಎಂದು ತೀರ್ಮಾನಿಸುವವರು ನ್ಯಾಯಾಧೀಶರು. ಆ ಸಂಗತಿ ಹೇಗೆ ಪ್ರಸ್ತುತ ಎಂದು ಎದುರಿನವರನ್ನು ಕೇಳುವ ಅಧಿಕಾರ ಅಧಿನಿಯಮದ ಕಲಂ 141ರಲ್ಲಿ ಅವರಿಗಿದೆ. 2001ರ ಬಿಪಿನ್ ಶಾಂತಿಲಾಲ್ ಪಾಂಚಾಲ್ ತೀರ್ಪಿನ ನಂತರ "ಈಗ ಗುರುತು ಹಾಕೋಣ, ಆಕ್ಷೇಪಣೆಯನ್ನು ಕೊನೆಯಲ್ಲಿ ನೋಡೋಣ" ಎಂಬ ರೂಢಿ ಬೆಳೆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬದಲಿಸಿತು. ಪ್ರಶ್ನೆಗಳ ಮೇಲಿನ ಆಕ್ಷೇಪಣೆಯನ್ನು ಆಗಲೇ, ಆಗದಿದ್ದರೆ ಆ ಸಾಕ್ಷಿಯ ವಿಚಾರಣೆ ಮುಗಿಯುವಾಗ ತೀರ್ಮಾನಿಸಬೇಕು ಎಂದಿತು. ಹಾಗಾಗಿ ಕೇಳಲು ಹಿಂಜರಿಯಬೇಡಿ.

ನಿಮ್ಮ ವಕೀಲರ ಜೊತೆ ಮೊದಲೇ ಕೂತು ಒಂದು ಪುಟದ ಪಟ್ಟಿ ಮಾಡಿ. ಯಾವ ಸಾಕ್ಷಿ, ಯಾವ ದಾಖಲೆ, ಯಾವ ಸಾಲು, ಯಾವ ಕಲಂ. ಸಾಕ್ಷಿ ಹೇಳಿಕೆ ಮುಗಿದ ಮೇಲೆ ಆಕ್ಷೇಪಣೆ ಬರಹದಲ್ಲಿ ಬಂದಿದೆಯಾ ಎಂದು ನಕಲು ತೆಗೆದು ನೋಡಿ. ಬಾಯಲ್ಲಿ ಹೇಳಿ ದಾಖಲೆಯಲ್ಲಿ ಇಲ್ಲದಿದ್ದರೆ ಹೈಕೋರ್ಟಿನಲ್ಲಿ ಅದು ಹೇಳದ ಹಾಗೆಯೇ. ಎಲ್ಲದಕ್ಕೂ ಎದ್ದು ನಿಲ್ಲುವುದೂ ಬೇಡ. ಹತ್ತು ಸಣ್ಣ ತಕರಾರಿನ ನಡುವೆ ಒಂದು ದೊಡ್ಡದು ಕಳೆದುಹೋಗುತ್ತದೆ.

ಪೊಲೀಸರು ಬರೆದುಕೊಂಡ ಸಾಕ್ಷಿಗಳ ಹೇಳಿಕೆಯೂ (ಸಂಹಿತೆಯ ಕಲಂ 180, ಹಳೆಯ 161) ಸಾಕ್ಷ್ಯವಲ್ಲ. ಕೋರ್ಟಿನಲ್ಲಿ ಬೇರೆ ಮಾತಾಡಿದಾಗ ವ್ಯತ್ಯಾಸ ತೋರಿಸಲು ಮಾತ್ರ ಅದನ್ನು ಬಳಸಬಹುದು (ಕಲಂ 181).

ಹಂತ 8: ಆರೋಪಿಯ ಹೇಳಿಕೆ ಮತ್ತು ಮುಂದಿನದು

ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ಸಂಹಿತೆಯ ಕಲಂ 351ರ ಅಡಿ (ಹಳೆಯ 313) ನ್ಯಾಯಾಧೀಶರು ಆರೋಪಿಯನ್ನು ಪ್ರಶ್ನೆ ಕೇಳುತ್ತಾರೆ. ಅಲ್ಲಿ "ನೀನು ಪೊಲೀಸರ ಮುಂದೆ ತಪ್ಪು ಒಪ್ಪಿದ್ದೀಯಾ" ಎಂಬ ಪ್ರಶ್ನೆ ಬಂದರೆ ವಕೀಲರು ತಡೆಯಬೇಕು. ಎಲ್ಲದಕ್ಕೂ "ಸುಳ್ಳು" ಎಂದು ಒಂದೇ ಪದ ಹೇಳಿ ಮುಗಿಸಬೇಡಿ. ಬರಹದಲ್ಲಿ ಹೇಳಿಕೆ ಕೊಡಲು ಕೋರ್ಟ್ ಅನುಮತಿ ಕೊಡಬಹುದು, ಕೇಳಿ. ಯಾಕೆ ಸಹಿ ಹಾಕಿದೆ, ಯಾವ ಭಾಷೆಯಲ್ಲಿ ಓದಿ ಹೇಳಿದರು ಎಂದು ಹೇಳುವ ಅವಕಾಶ ಇದು.

ಆಕ್ಷೇಪಣೆ ತಿರಸ್ಕಾರವಾದರೆ? ವಿಚಾರಣೆಯ ನಡುವಿನ ಇಂಥ ಆದೇಶಕ್ಕೆ ರಿವಿಜನ್ (ಮೇಲಿನ ಕೋರ್ಟಿನಿಂದ ಮರುಪರಿಶೀಲನೆ) ಸಾಮಾನ್ಯವಾಗಿ ಇಲ್ಲ. ತೀರ ಅನ್ಯಾಯವಾದ ಕಡೆ ಬೆಂಗಳೂರಿನ ಹೈಕೋರ್ಟ್ ಪೀಠಕ್ಕೆ ಸಂಹಿತೆಯ ಕಲಂ 528ರ ಅಡಿ ಹೋಗಬಹುದು. ಇಲ್ಲದಿದ್ದರೆ ಅಪೀಲಿಗೆ ಇಟ್ಟುಕೊಳ್ಳಬೇಕು. ಬಾರದ ಸಾಕ್ಷ್ಯ ಒಳಗೆ ಬಂತು ಎಂಬ ಒಂದೇ ಕಾರಣಕ್ಕೆ ತೀರ್ಪು ಉರುಳುವುದಿಲ್ಲ (ಅಧಿನಿಯಮದ ಕಲಂ 169). ಅದನ್ನು ತೆಗೆದಿಟ್ಟ ಮೇಲೂ ಉಳಿದ ಸಾಕ್ಷ್ಯ ಸಾಕಾಗುತ್ತದೆಯೇ ಎಂದು ಮೇಲಿನ ಕೋರ್ಟ್ ನೋಡುತ್ತದೆ. ಆದ್ದರಿಂದ ಉಳಿದ ಸಾಕ್ಷಿಗಳ ಪಾಟಿ ಸವಾಲನ್ನು ಸಡಿಲ ಬಿಡಬೇಡಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ

ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ, ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೋ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ನಕಲು, ಕೇಸಿನ ನಂಬರು, ಮುಂದಿನ ವಾಯಿದೆ ತಾರೀಕು, ಮತ್ತು ಮೂರು ಬಣ್ಣದಲ್ಲಿ ಗುರುತು ಹಾಕಿದ ಆ ಜೆರಾಕ್ಸ್ ಕೈಯಲ್ಲಿರಲಿ.